ಉಂಡ ಮನೆಯ ಋಣ

ಗುಬ್ಬಿ, ಕುಣಿಗಲು ಸೀಮೆಗಳ ಬಡ ಮಕ್ಕಳಿಗೆ ತುಮಕೂರಿನಲ್ಲಿ ಅನ್ನ, ಅಕ್ಷರ, ಆಸರೆಗಳನ್ನು ಇತ್ತ ನೆಲೆ ಸಿದ್ಧಗಂಗೆ. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು, 2019ರಲ್ಲಿ ಲಿಂಗೈಕ್ಯರಾಗುವವರೆಗೂ ಜಾತಿಮತಗಳನ್ನೆಣಿಸದೆ ವಿದ್ಯಾರ್ಥಿಗಳನ್ನು ಸಲಹಿದರು. ಆ ದಾಸೋಹಕ್ಕೆ ಹಳ್ಳಿಯ ರೈತರು ಕೊಟ್ಟ ದವಸವೂ ಸಂದಿದೆ. ಇದನ್ನು ನಾವು ಬೇಗ ಮರೆಯುತ್ತೇವೆ. ಅಲ್ಲಿ ಉಂಡು ಓದಿದವರು ಇಂದು ದೊಡ್ಡ ಹುದ್ದೆಗಳಲ್ಲಿದ್ದಾರೆ; ಮಠಕ್ಕೆ ಕಾಣಿಕೆಯನ್ನೂ ಸಲ್ಲಿಸುತ್ತಾರೆ. ಸಂತೋಷವೇ. ಆದರೆ ಕಲ್ಲಿನಲ್ಲಿ ಹೆಸರು ಕೆತ್ತಿಸುವ ಕೊಡುಗೆ (ಆ ಮೋಹ ನಮ್ಮ ಅಧ್ಯಾಪಕವರ್ಗಕ್ಕೂ ಉಂಟೆನ್ನಿ!) ಋಣದ ಬಡ್ಡಿಯಷ್ಟೇ ಎಂದು ನನ್ನ ಭಾವನೆ. ಅಸಲು ಸಲ್ಲಬೇಕಾದುದು ದವಸ ಕೊಟ್ಟ ಹಳ್ಳಿಗೆ. ಈ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ: ವರ್ಷಕ್ಕೆ ಹದಿನೈದು ದಿನ ರಜೆ ಪಡೆದು, ಗುಬ್ಬಿಯದೋ ಕುಣಿಗಲಿನದೋ ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಗಣಿತವನ್ನೋ ಕನ್ನಡವನ್ನೋ ಕಲಿಸಿಬನ್ನಿ.