ಯಾತ್ರೆ ಯಾರ ಬೆವರಿನ ಮೇಲೆ?

ವೇಳಾಂಗಣ್ಣಿಗೆ ಹೋಗಿಬಂದವರನ್ನು ಕೇಳಿ ನೋಡಿ. ಬಸ್ಸು ಹೇಗಿತ್ತು, ಕೊಠಡಿ ಹೇಗಿತ್ತು ಎಂಬುದಕ್ಕೆ ಉತ್ತರ ಸಿದ್ಧವಾಗಿರುತ್ತದೆ. ರಾತ್ರಿಯಿಡೀ ಬಸ್ಸು ಓಡಿಸಿದ ಚಾಲಕ ಎಲ್ಲಿ ಮಲಗಿದ, ಏನು ಉಂಡ ಎಂದರೆ ಮೌನ! ಯಾತ್ರೆಗೆ ಹೋದ ಮಾತ್ರಕ್ಕೆ ಮನಸ್ಸು ಮಾಗುತ್ತದೆಂಬುದು ಬರಿಯ ಭ್ರಮೆ.

ಇದಕ್ಕೆ ಸಾಕ್ಷಿಯಾಗಿ ನಮ್ಮ ಧರ್ಮಸಭೆಯ ಹೊರಗಿನವರೊಬ್ಬರನ್ನು ಕರೆಯುತ್ತೇನೆ. 17ನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ವೇಕರ್ ಪಂಥದಲ್ಲಿ ಅಭಿಷಿಕ್ತ ಯಾಜಕರಿಲ್ಲ. ಮೌನವಾಗಿ ಕುಳಿತು ದೇವರ ಪ್ರೇರಣೆಗೆ ಕಾಯುವುದೇ ಅವರ ಸಾಂಪ್ರದಾಯಿಕ ಆರಾಧನೆ. ಊರೂರು ಸಂಚರಿಸಿ ಬೋಧಿಸುವ ಕರೆ ತನಗಿದೆಯೆಂದು ಒಬ್ಬರಿಗೆ ತೋರಿದರೆ ಅದನ್ನು ತಮ್ಮ ಸಭೆಯ ಮುಂದಿಡಬೇಕಿತ್ತು. ಸಭೆ ವಿವೇಚಿಸಿ ಒಪ್ಪಿಗೆಪತ್ರ ಕೊಡುತ್ತಿತ್ತು. ಸಂಬಳವಿರಲಿಲ್ಲ.

ಹಾಗೆ ಸಂಚರಿಸಿದವರಲ್ಲಿ ಅಮೆರಿಕದ ನ್ಯೂಜೆರ್ಸಿಯ ದರ್ಜಿ ಜಾನ್ ವೂಲ್ಮನ್ (1720–1772) ಒಬ್ಬರು. 1746ರಲ್ಲಿ ದಕ್ಷಿಣದ ವಸಾಹತುಗಳಲ್ಲಿ ಸಂಚರಿಸುವಾಗ, ಗುಲಾಮರ ದುಡಿಮೆಯಿಂದ ಸುಖವಾಗಿದ್ದ ಮನೆಗಳಲ್ಲಿ ಉಣ್ಣುವುದು ಅವರ ಅಂತಃಕರಣವನ್ನು ಚುಚ್ಚಿತು. 1757ರ ಯಾತ್ರೆಯಲ್ಲಿ ಅಂಥ ಮನೆಗಳ ಆತಿಥ್ಯವನ್ನು ಪುಕ್ಕಟೆಯಾಗಿ ಸ್ವೀಕರಿಸಲಿಲ್ಲ. ದುಡಿದ ಗುಲಾಮರಿಗೆ ಸಲ್ಲಲೆಂದು ಬೆಳ್ಳಿಯ ನಾಣ್ಯಗಳನ್ನು ತೆತ್ತರು. 1772ರಲ್ಲಿ ಇಂಗ್ಲೆಂಡಿಗೆ ಹೊರಟಾಗ ಹಡಗಿನ ಅಲಂಕೃತ ಕೊಠಡಿಯನ್ನು ತೊರೆದು ನಾವಿಕರ ಇಕ್ಕಟ್ಟಿನಲ್ಲೇ ಮಲಗಿದರು. ಅಲ್ಲಿಯ ಸಾರೋಟುಗಳು ಕುದುರೆಗಳನ್ನೂ ಎಳೆಯ ಸವಾರರನ್ನೂ ಹಿಂಸಿಸುತ್ತಿದ್ದುದರಿಂದ ಕಾಲ್ನಡಿಗೆಯಲ್ಲೇ ಸಾಗಿದರು. ಅದೇ ಅಕ್ಟೋಬರಿನಲ್ಲಿ ಯಾರ್ಕ್ ನಗರದಲ್ಲಿ ಸಿಡುಬಿನಿಂದ ಮಡಿದರು. ಅವರಂಥವರು ಮನೆಮನೆಗೆ ತೆರಳಿ ನುಡಿದ ಮಾತು ವ್ಯರ್ಥವಾಗಲಿಲ್ಲ: 1776ರಲ್ಲಿ ಫಿಲಡೆಲ್ಫಿಯಾದ ಕ್ವೇಕರ್ ವಾರ್ಷಿಕ ಸಭೆಯು ತನ್ನ ಸದಸ್ಯರು ಗುಲಾಮರನ್ನು ಹೊಂದಿರುವುದನ್ನೇ ನಿಷೇಧಿಸಿತು.

"ಸಂಸ್ಕಾರಗಳಿಲ್ಲದ ಪಂಥದಿಂದ ನಾವೇನು ಕಲಿಯುವುದು ಸ್ವಾಮಿ?" ಎಂದು ಕೆಲವರು ಕೇಳಬಹುದು. ಬೇರ್ಪಟ್ಟ ಸಹೋದರರಲ್ಲಿ ಪವಿತ್ರಾತ್ಮರು ಮಾಡುವ ಕಾರ್ಯ ನಮ್ಮನ್ನೂ ಕಟ್ಟಬಲ್ಲದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲೇ ಬೋಧಿಸಿದೆ. ಸಂಸ್ಕಾರಗಳ ನಿಧಿಯೇ ಕೈಯಲ್ಲಿರುವ ನಮ್ಮ ಹೊಣೆ ಇನ್ನೂ ದೊಡ್ಡದಲ್ಲವೇ?

"ಹರಕೆ ತೀರಿಸಲು ಹೋಗುವುದು ತಪ್ಪೇ?" ಎಂದರೆ ಖಂಡಿತ ಅಲ್ಲ. ಹೋಗಿರಿ. ಆದರೆ ಹೊರಡುವ ಮುನ್ನ ಮನೆಮಂದಿಯೆಲ್ಲ ಕೂಡಿ ಪ್ರಾರ್ಥಿಸಿ, ಏಕೆ ಹೋಗುತ್ತಿದ್ದೇವೆಂದು ಕೇಳಿಕೊಳ್ಳಿರಿ. ದಾರಿಯಲ್ಲಿ ನಿಮಗಾಗಿ ದುಡಿಯುವವರ ಹೆಸರು ತಿಳಿಯಿರಿ, ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿರಿ, ನಿಮ್ಮೊಡನೆ ಊಟಕ್ಕೆ ಕೂರಿಸಿಕೊಳ್ಳಿರಿ. ಎಮ್ಮಾವುಸ್ಸಿನ ಹಾದಿಯಲ್ಲಿ ಶಿಷ್ಯರು ಅಪರಿಚಿತನೊಬ್ಬನನ್ನು ಮನೆಗೆ ಒತ್ತಾಯಿಸಿ ಕರೆದದ್ದರಿಂದಲೇ ಅಲ್ಲವೇ ಪ್ರಭುವನ್ನು ಗುರುತಿಸಿದ್ದು?