ಮಿಠ್ಠು ಕುಣಿಯಲೇಬೇಕೇ?

ಖಾಲಾ ಮನೆಯ ಪಂಜರದಲ್ಲಿ ಒಂದು ಹಸಿರು ಗಿಳಿ ಇದೆ. ಹೆಸರು, ಎಲ್ಲರ ಮನೆಯ ಗಿಳಿಗೂ ಇರುವಂತೆ, ಮಿಠ್ಠು. ಈದ್‌ಗೆ ಹೋದಾಗ ಖಾಲಾ ಮಗ ಮೊಬೈಲ್‌ನಲ್ಲಿ ಜೋರಾಗಿ ಹಾಡು ಹಾಕಿ, ಕಡ್ಡಿಯಿಂದ ಪಂಜರ ತಟ್ಟುತ್ತಿದ್ದ. ಸ್ನೋಬಾಲ್‌ನಂತೆ ಮಿಠ್ಠುವೂ ಕುಣಿದು ಫೇಮಸ್ ಆಗಬೇಕಂತೆ. ಅದು ಮೂಲೆಯಲ್ಲಿ ಮುದುಡಿ ಕುಳಿತಿತ್ತು.

ಸ್ನೋಬಾಲ್ ಅಮೆರಿಕದಲ್ಲಿರುವ ಬಿಳಿ ಕಾಕಟೂ. 2007ರಲ್ಲಿ ಯಜಮಾನರು ಅದನ್ನು ಇಂಡಿಯಾನಾದ ಪಕ್ಷಿ ಆಶ್ರಯ ಕೇಂದ್ರಕ್ಕೆ ಬಿಟ್ಟುಹೋದರು, ಜೊತೆಗೊಂದು ಸಿ.ಡಿ. ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಹಾಡಿಗೆ ಅದು ಕಾಲೆತ್ತಿ, ತಲೆಯಾಡಿಸಿ ಕುಣಿದ ವಿಡಿಯೊ ಯೂಟ್ಯೂಬ್‌ನಲ್ಲಿ ಹರಡಿತು. (ಬಿಟ್ಟುಕೊಟ್ಟ ಮೇಲೆ ಗುಡ್‌ವಿಲ್ ಬಂತು! ನಮ್ಮ ಅಕೌಂಟೆನ್ಸಿ ಸರ್ ಇದನ್ನು ಯಾವ ಖಾತೆಗೆ ಬರೆಸುತ್ತಿದ್ದರೋ.) ವಿಜ್ಞಾನಿ ಅನಿರುದ್ಧ್ ಪಟೇಲ್ ಅವರ ತಂಡ ಹಾಡಿನ ವೇಗ ಹೆಚ್ಚಿಸಿ, ತಗ್ಗಿಸಿ ನೋಡಿತು. ಹಕ್ಕಿ ಆಗಾಗ ತಾಳ ಹಿಡಿಯುತ್ತಿತ್ತು. 2019ರ ವರದಿಯಲ್ಲಿ 14 ಬಗೆಯ ಚಲನೆಗಳನ್ನು ಎಣಿಸಿದ್ದಾರೆ. ಯಾರೂ ಕಲಿಸಿದ್ದಲ್ಲ, ತಿಂಡಿಯ ಆಸೆಗೆ ಮಾಡಿದ್ದೂ ಅಲ್ಲ.

ಲೈಕ್ ಒತ್ತುವ ಮೊದಲು ನಾವು ನೋಡಬೇಕಾದದ್ದು ಇದನ್ನೇ: ಪ್ರಾಣಿ ತಾನಾಗಿ ಆಡುತ್ತಿದೆಯೋ, ಹೆದರಿ ಆಡುತ್ತಿದೆಯೋ?

ಇನ್ನೊಂದು ಮಾತಿದೆ, ಖಾಲಾ ಬೇಸರ ಮಾಡಿಕೊಳ್ಳಬಹುದು. ನಮ್ಮ ನಾಡಿನ ಗಿಳಿಯನ್ನು ಹಿಡಿದು ಸಾಕುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ರೀಲ್ಸ್ ನೋಡಿ ಹತ್ತು ಜನ ಗಿಳಿ ಬೇಕೆಂದರೆ, ಮರದ ಪೊಟರೆಯಿಂದ ಮರಿ ಕದಿಯುವವರು ಹುಟ್ಟಿಕೊಳ್ಳುತ್ತಾರೆ. ಬೇಡಿಕೆ, ಪೂರೈಕೆ ನಾವು ಓದಿದ್ದೇವಲ್ಲ.

"ಹಾಡು ನಿಲ್ಲಿಸೋ" ಎಂದೆ, ನಿಲ್ಲಿಸಿದ. ಪಂಜರದ ವಿಷಯ ಖಾಲಾಗೆ ಹೇಳಲು ಇನ್ನೂ ಧೈರ್ಯವಾಗಿಲ್ಲ. ಅರಣ್ಯ ಇಲಾಖೆಗೆ ಒಪ್ಪಿಸೋಣವೆಂದು ಅಮ್ಮಿಯಿಂದ ಹೇಳಿಸಬೇಕೆಂದಿದ್ದೇನೆ.