ನಿಧಾನವಾದ ಗಣಕಯಂತ್ರ ಮತ್ತು ಅವಸರದ ಫಾರ್ಮ್ಯಾಟ್

ತಿಂಗಳ 20ನೆಯ ತಾರೀಖು ಸಮೀಪಿಸಿದಂತೆ ವರ್ತಕರ ಕಚೇರಿಗಳಿಂದ ಒಂದು ದೂರು ಮೇಲಿಂದ ಮೇಲೆ ಕೇಳಿಬರುತ್ತದೆ: ನಿನ್ನೆಯವರೆಗೆ ಸರಿಯಾಗಿದ್ದ ಗಣಕಯಂತ್ರ ಇಂದು ಮುಂದಕ್ಕೆ ಸಾಗುತ್ತಿಲ್ಲ. ಒಂದು ಬಿಲ್ ಮುದ್ರಿಸಲು ಐದು ನಿಮಿಷ, ಲೆಕ್ಕಪತ್ರದ ತಂತ್ರಾಂಶ ತೆರೆಯಲು ಹತ್ತು ನಿಮಿಷ. ತೆರಿಗೆ ಬಾಕಿಯಿರುವ ಜಿಎಸ್‌ಟಿಆರ್-3ಬಿ ವಿವರಪಟ್ಟಿ ತಡವಾದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ. ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ ಬೇರೆ. ಈ ಆತಂಕದಲ್ಲಿ ತಂತ್ರಜ್ಞನನ್ನು ಕರೆಸಲಾಗುತ್ತದೆ. ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎಂದು ಆತ ಹೇಳುತ್ತಾನೆ, ಮಾಲೀಕರು ಒಪ್ಪಿಗೆ ನೀಡುತ್ತಾರೆ. ಆಕ್ಷೇಪಾರ್ಹವಾದುದು ಈ ಒಪ್ಪಿಗೆಯೇ.

ಯಂತ್ರವು ವರ್ಷಗಳ ಬಳಕೆಯಿಂದ ಕ್ರಮೇಣ ನಿಧಾನವಾಗುವುದು ವಯೋಧರ್ಮ. ಹಠಾತ್ತನೆ ನಿಧಾನವಾಗುವುದು ರೋಗಲಕ್ಷಣ. ಲಕ್ಷಣವನ್ನು ಅಳಿಸಿದ ಮಾತ್ರಕ್ಕೆ ರೋಗ ವಾಸಿಯಾಗುವುದಿಲ್ಲ. ಕೆಲವೊಮ್ಮೆ ಚಿಕಿತ್ಸೆಯೇ ಅಪಾಯ ತರುತ್ತದೆ. ಹಳೆಯ ಯಂತ್ರಗಳಲ್ಲಿರುವ ತಿರುಗುವ ಹಾರ್ಡ್ ಡಿಸ್ಕನ್ನೇ ಗಮನಿಸಬಹುದು. ಅದರ ತಟ್ಟೆಯ ಯಾವುದೋ ಒಂದು ಭಾಗ ಹಾಳಾದಾಗ ಅಲ್ಲಿನ ಮಾಹಿತಿಯನ್ನು ಓದಲು ಡಿಸ್ಕ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಅಷ್ಟು ಹೊತ್ತೂ ಇಡೀ ಯಂತ್ರ ಕಾಯುತ್ತ ಕೂರುತ್ತದೆ. ಹೊರಗಿನಿಂದ ನೋಡಿದವರಿಗೆ ಕಾಣುವುದು ನಿಧಾನಗತಿ ಮಾತ್ರ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಅಥವಾ ಕಡತವೊಂದನ್ನು ತೆರೆಯುವಾಗ ಪ್ರತಿಬಾರಿಯೂ ಯಂತ್ರ ಸ್ತಬ್ಧವಾಗುತ್ತಿದ್ದರೆ, ಮೊದಲು ಮಾಡಬೇಕಾದುದು ಲೆಕ್ಕಪತ್ರಗಳ ಪ್ರತಿಯನ್ನು ಬೇರೊಂದು ಸಾಧನಕ್ಕೆ ತೆಗೆಯುವುದು. ಉಳಿದದ್ದೆಲ್ಲ ಆಮೇಲೆ. ಇಂತಹ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ಉಳಿದಿದ್ದ ಮಾಹಿತಿಯೂ ಹೋಗುತ್ತದೆ, ದೋಷ ಮಾತ್ರ ಉಳಿಯುತ್ತದೆ. ಜಿಎಸ್‌ಟಿ ಕಾಯಿದೆಯ ಪ್ರಕಾರ ಲೆಕ್ಕಪುಸ್ತಕಗಳನ್ನು ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಫಾರ್ಮ್ಯಾಟ್‌ನಲ್ಲಿ ಹೋಯಿತೆಂಬ ಉತ್ತರವನ್ನು ಯಾವ ತೆರಿಗೆ ಅಧಿಕಾರಿಯೂ ಸುಲಭವಾಗಿ ಒಪ್ಪಲಾರರು.

ಇತರ ಕಾರಣಗಳು ಇಷ್ಟು ಭೀಕರವಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುವ ಟಾಸ್ಕ್ ಮ್ಯಾನೇಜರ್ ಯಾವ ತಂತ್ರಾಂಶವು ಯಂತ್ರವನ್ನು ಹೆಚ್ಚು ದುಡಿಸುತ್ತಿದೆ ಎಂಬುದನ್ನು ತೋರಿಸುತ್ತದೆ. ಗುಮಾಸ್ತರೂ ಇದನ್ನು ನೋಡಬಲ್ಲರು. ಎರಡು ಆ್ಯಂಟಿವೈರಸ್‌ಗಳು ಒಟ್ಟಿಗೆ ಕೆಲಸ ಮಾಡುತ್ತಿರಬಹುದು, ವಿಂಡೋಸ್ ಅಪ್‌ಡೇಟ್ ನಡೆಯುತ್ತಿರಬಹುದು, ಸಿ ಡ್ರೈವ್ ತುಂಬಿರಬಹುದು. ಗಂಗಾವತಿಯ ಅಕ್ಕಿ ಗಿರಣಿಗಳಂತಹ ದೂಳಿನ ಸ್ಥಳಗಳಲ್ಲಿ ಫ್ಯಾನ್ ಕಟ್ಟಿಕೊಂಡು ಪ್ರೊಸೆಸರ್ ಬಿಸಿಯಾಗುತ್ತದೆ. ಸುಟ್ಟುಹೋಗದಿರಲು ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅಲ್ಲಿ ಬೇಕಾದುದು ಬ್ಲೋಯರ್, ಹೊಸ ಯಂತ್ರವಲ್ಲ. ಜಿಎಸ್‌ಟಿ ಜಾಲತಾಣವೊಂದೇ ನಿಧಾನವಾಗಿದ್ದರೆ ಯಂತ್ರವನ್ನು ದೂಷಿಸುವುದೇ ತಪ್ಪು. ಕೊನೆಯ ದಿನ ಅಲ್ಲಿಯೂ ಸರತಿ ಸಾಲಿರುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ಅವಸರ ಸಮರ್ಥನೀಯ. ಕಡತಗಳ ಹೆಸರುಗಳು ತಾವಾಗಿಯೇ ಬದಲಾಗತೊಡಗಿದರೆ ನೆಟ್‌ವರ್ಕ್ ಕೇಬಲನ್ನು ತಕ್ಷಣ ಕಿತ್ತು, ವೈಫೈ ಸಂಪರ್ಕವನ್ನೂ ತಪ್ಪಿಸಬೇಕು. 2017ರ ಮೇ ತಿಂಗಳಲ್ಲಿ ಹಲವು ದೇಶಗಳನ್ನು ಕಾಡಿದ ವಾನ್ನಕ್ರೈ, ಕಡತಗಳನ್ನು ಬೀಗ ಹಾಕಿ ಹಣ ಕೇಳುವ ಇದೇ ಬಗೆಯ ಕುತಂತ್ರಾಂಶವಾಗಿತ್ತು. 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಕೊನೆಗೊಂಡಿರುವ ವಿಂಡೋಸ್ 10ನ್ನು ಹಾಗೆಯೇ ಬಳಸುತ್ತಿರುವ ಕಚೇರಿಗಳು ಈ ಅಪಾಯಕ್ಕೆ ಹೆಚ್ಚು ತೆರೆದುಕೊಂಡಿವೆ.

ಹಾಗೆಂದು ದೋಷವನ್ನೆಲ್ಲ ತಂತ್ರಜ್ಞನ ಮೇಲೆ ಹೊರಿಸುವುದು ನ್ಯಾಯವಲ್ಲ. ಫಾರ್ಮ್ಯಾಟ್‌ಗೆ ಇಷ್ಟು ಸಮಯ, ಇಷ್ಟು ಶುಲ್ಕ ಎಂದು ನಿಗದಿಯಿದೆ. ಕಾರಣ ಹುಡುಕಲು ಅರ್ಧ ದಿನ ಕುಳಿತು, ಕೊನೆಗೆ ಫ್ಯಾನ್ ಸ್ವಚ್ಛಗೊಳಿಸಿ ಹೊರಟವನಿಗೆ ಹಣ ಕೊಡಲು ವರ್ತಕರು ಚೌಕಾಸಿ ಮಾಡುತ್ತಾರೆ. ಕಾಣುವ ಕೆಲಸಕ್ಕೆ ಕೂಲಿ, ಕಾಣದ ವಿವೇಚನೆಗೆ ಏನೂ ಇಲ್ಲ ಎಂಬ ಈ ಲೆಕ್ಕಾಚಾರವೇ ಆತನನ್ನು ಫಾರ್ಮ್ಯಾಟ್‌ನತ್ತ ದೂಡುತ್ತದೆ. ಆದ್ದರಿಂದ ವಾರ್ಷಿಕ ನಿರ್ವಹಣಾ ಕರಾರಿನಲ್ಲಿ ತಪಾಸಣೆಗೇ ಪ್ರತ್ಯೇಕ ಶುಲ್ಕವನ್ನು ನಮೂದಿಸುವುದು ಸೂಕ್ತ. ಬೇರೊಂದು ಯಂತ್ರದಲ್ಲಿ ತೆರೆದು ಪರೀಕ್ಷಿಸಿದ ಬ್ಯಾಕಪ್ ಹಾಗೂ ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಡಿಸ್ಕನ್ನು ಅಳಿಸತಕ್ಕದ್ದಲ್ಲ ಎಂಬ ಷರತ್ತನ್ನೂ ಅದೇ ಕರಾರಿನಲ್ಲಿ ಸೇರಿಸಬಹುದು.